ಧೂಳು ‘ಸೇರಿ’ ಗ್ರಹವಾದ ಕಥೆ: ಅಟಕಾಮಾದಲ್ಲಿ ಒಂಬತ್ತು ದಿನ

ಮೊದಲ ದಿನ, ಶುಕ್ರವಾರ – ಆಂತೊಫಗಾಸ್ತಾ

ಚಿಲಿಯ ರಾಜಧಾನಿ ಸಾಂತಿಯಾಗೊದಿಂದ ಹೊರಟ ವಿಮಾನ ಎರಡು ಗಂಟೆ ಉತ್ತರಕ್ಕೆ, ಅಟಕಾಮಾ ಮರುಭೂಮಿಯ ಕಡೆಗೆ ಹಾರಿತು. ಒಂದು ಕಡೆ ಶಾಂತ ಸಾಗರ, ಇನ್ನೊಂದು ಕಡೆ ಸುಟ್ಟ ಇಟ್ಟಿಗೆಯ ಬಣ್ಣದ ನೆಲ. ಸಕಲೇಶಪುರದ ಮಳೆಯಲ್ಲಿ ಹುಟ್ಟಿ ಬೆಳೆದವಳು ನಾನು. ಒಂದು ಹುಲ್ಲುಕಡ್ಡಿಯೂ ಇಲ್ಲದ ಭೂಮಿಯನ್ನು ಇಷ್ಟು ಹೊತ್ತು ನೋಡಿದ್ದು ಇದೇ ಮೊದಲು.

ನಾನು ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದೆ. ಸೌರವ್ಯೂಹದ ಪಾಠ ಬಂದಾಗಲೆಲ್ಲ ಕರಿಹಲಗೆಯ ಮೇಲೆ ಒಂದು ವಾಕ್ಯ ಬರೆಯುತ್ತಿದ್ದೆ: ‘ಸೂರ್ಯನ ಸುತ್ತ ಸುತ್ತುತ್ತಿದ್ದ ಧೂಳಿನ ಕಣಗಳು ಒಂದಕ್ಕೊಂದು ಸೇರಿ ಗ್ರಹಗಳಾದವು.’ ಮಕ್ಕಳು ಅದನ್ನು ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಹಾಗೆಯೇ ಒಪ್ಪಿಸುತ್ತಿದ್ದರು. ಒಂದು ವರ್ಷ ಮಾತ್ರ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಅವನ ತಂದೆ ಕಲ್ಲು ಕ್ವಾರಿಯಲ್ಲಿ ಕೆಲಸ ಮಾಡುತ್ತಿದ್ದವರು. “ಟೀಚರ್, ಕಲ್ಲಿಗೆ ಕಲ್ಲು ಬಡಿದರೆ ಚೂರಾಗುತ್ತದೆ. ಸೇರುವುದಿಲ್ಲವಲ್ಲ?” ಎಂದು ಕೇಳಿದ. “ಗುರುತ್ವಾಕರ್ಷಣೆಯಿಂದ ಸೇರುತ್ತವೆ, ಕೂತುಕೋ” ಎಂದೆ. ಅವನು ಕೂತ. ಅವನ ಮುಖ ಒಪ್ಪಿದವನ ಮುಖವಾಗಿರಲಿಲ್ಲ. ನಿವೃತ್ತಿಯಾಗಿ ಆರು ವರ್ಷವಾದರೂ ಆ ಮುಖ ನನ್ನ ಕಣ್ಣ ಮುಂದಿದೆ.

ನನ್ನ ತಂಗಿಯ ಮಗಳು ಈಗ ಚಿಲಿಯಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಎಳೆಯ ನಕ್ಷತ್ರಗಳ ಸುತ್ತ ಇರುವ ಧೂಳು ಮತ್ತು ಅನಿಲದ ತಟ್ಟೆಗಳ ತೂಕ ಹಾಕುವುದು ಅವಳ ಕೆಲಸ. ಕಳೆದ ವರ್ಷ ಊರಿಗೆ ಬಂದಿದ್ದಾಗ ಈ ಪ್ರಸಂಗ ಹೇಳಿದೆ. ಅವಳು ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟಳು. “ದೊಡ್ಡಮ್ಮ, ಎರಡು ಕಲ್ಲುಗಳ ನಡುವಿನ ಗುರುತ್ವ ಒಂದು ಸಾಸಿವೆ ಕಾಳನ್ನೂ ಅಲುಗಿಸುವುದಿಲ್ಲ. ಅವು ಗುಡ್ಡದ ಗಾತ್ರಕ್ಕೆ ಬರುವ ತನಕ ಗುರುತ್ವಕ್ಕೆ ಅಲ್ಲಿ ಕೆಲಸವೇ ಇಲ್ಲ. ಆ ಹುಡುಗ ಕೇಳಿದ್ದು ನಮ್ಮ ಕ್ಷೇತ್ರದ ಅತಿ ದೊಡ್ಡ ಪ್ರಶ್ನೆ. ಅದಕ್ಕೆ ಪೂರ್ತಿ ಉತ್ತರ ಇನ್ನೂ ಸಿಕ್ಕಿಲ್ಲ. ನೀವು ಒಮ್ಮೆ ಬನ್ನಿ” ಎಂದಳು. ಹಾಗಾಗಿ ಬಂದೆ.

ಸಂಜೆ ಪೇಟೆ ಸುತ್ತುವಾಗ ಅಂಗಡಿಯೊಂದರಲ್ಲಿ ಗೋಧಿಯನ್ನು ಹುರಿದು ಬೀಸಿದ ಹಿಟ್ಟು ಕಂಡಿತು. ಇಲ್ಲಿಯವರು ಅದನ್ನು ‘ಅರೀನಾ ತೊಸ್ತಾದಾ’ ಎನ್ನುತ್ತಾರೆ, ನೀರಿಗೋ ಹಾಲಿಗೋ ಕಲಸಿ ಕುಡಿಯುತ್ತಾರೆ. ಪರಿಮಳ ಥೇಟ್ ನಮ್ಮ ಹುರಿಹಿಟ್ಟಿನದು. ಅರ್ಧ ಕಿಲೋ ಕೊಂಡೆ.

ಎರಡನೆಯ ದಿನ, ಶನಿವಾರ – ಪರನಾಲ್

ಪರನಾಲ್ ಬೆಟ್ಟ ಆಂತೊಫಗಾಸ್ತಾದಿಂದ ದಕ್ಷಿಣಕ್ಕೆ ಸುಮಾರು 120 ಕಿ.ಮೀ. ದೂರದಲ್ಲಿದೆ. ಯುರೋಪಿನ ದಕ್ಷಿಣ ವೀಕ್ಷಣಾಲಯ ಅಲ್ಲಿ ಸಾರ್ವಜನಿಕರನ್ನು ಶನಿವಾರಗಳಂದು ಬಿಡುತ್ತದೆ. ಶುಲ್ಕವಿಲ್ಲ, ಮೊದಲೇ ಹೆಸರು ಬರೆಸಬೇಕು ಅಷ್ಟೆ. ಬೆಟ್ಟದ ತುದಿ 2635 ಮೀಟರ್ ಎತ್ತರದಲ್ಲಿದೆ. ಪಶ್ಚಿಮಕ್ಕೆ ನೋಡಿದರೆ ಸಮುದ್ರದ ಮೇಲೆ ಮೋಡ ಹಾಸಿಕೊಂಡಿತ್ತು, ನಮ್ಮ ಕಾಲಿನ ಕೆಳಗೆ. ತುದಿಯ ಮೇಲೆ ನಾಲ್ಕು ದೊಡ್ಡ ದೂರದರ್ಶಕಗಳು: ಅಂತು, ಕುಯೆನ್, ಮೆಲಿಪಾಲ್, ಯೆಪುನ್. ಇಲ್ಲಿನ ಮಪುಚೆ ಜನರ ಭಾಷೆಯಲ್ಲಿ ಸೂರ್ಯ, ಚಂದ್ರ, ದಕ್ಷಿಣದ ಶಿಲುಬೆ ನಕ್ಷತ್ರಪುಂಜ ಮತ್ತು ಶುಕ್ರನ ಹೆಸರುಗಳು ಅವು. ಒಂದೊಂದರ ಕನ್ನಡಿ 8.2 ಮೀಟರ್ ಅಗಲ. ಒಂದರ ಒಳಗೆ ನಮ್ಮನ್ನು ಕರೆದೊಯ್ದರು. ನಡು ಹಗಲಿನಲ್ಲೂ ಒಳಗೆ ಚಳಿ. ರಾತ್ರಿಯ ಗಾಳಿಯ ಉಷ್ಣತೆ ಎಷ್ಟಿರುತ್ತದೋ ಅಷ್ಟಕ್ಕೆ ಹಗಲೇ ತಂಪು ಮಾಡಿ ಇಡುತ್ತಾರೆ. ನಾನು ಕತ್ತೆತ್ತಿ ನಿಂತವಳು ದೇವಸ್ಥಾನದಲ್ಲಿ ನಿಂತಂತೆ ಸುಮ್ಮನೆ ನಿಂತೆ.

ಹೊರಗೆ ಬಂದಾಗ ಮಗಳು ಪಕ್ಕದ ಗೋಪುರದತ್ತ ಕೈ ತೋರಿಸಿದಳು. “2018ರಲ್ಲಿ ಅಲ್ಲಿಂದಲೇ ಪಿಡಿಎಸ್ 70 ಎಂಬ ನಕ್ಷತ್ರದ ತಟ್ಟೆಯೊಳಗೆ ಒಂದು ಗ್ರಹದ ಚಿತ್ರ ತೆಗೆದರು. ಮರುವರ್ಷ ಯೆಪುನ್‌ನಿಂದ ಇನ್ನೊಂದು ಸಿಕ್ಕಿತು. ಎರಡರ ಮೇಲೂ ಹೈಡ್ರೋಜನ್ ಸುರಿದು ಬೀಳುತ್ತಿದೆ, ಬೀಳುವಾಗ ಹೊಳೆಯುತ್ತದೆ.” ಆ ನಕ್ಷತ್ರ ನಮ್ಮಿಂದ ಸುಮಾರು 370 ಜ್ಯೋತಿರ್ವರ್ಷ ದೂರದಲ್ಲಿದೆ. ಅದರ ವಯಸ್ಸು ಐವತ್ತು ಲಕ್ಷ ವರ್ಷದ ಆಸುಪಾಸು. ನಕ್ಷತ್ರಗಳ ಲೆಕ್ಕದಲ್ಲಿ ಹಸುಗೂಸು.

“ಹಾಗಾದರೆ ಗ್ರಹ ಹುಟ್ಟುವುದನ್ನು ಕಣ್ಣಾರೆ ನೋಡಿದಂತಾಯಿತಲ್ಲ?” ಎಂದೆ.

“ಇಲ್ಲ ದೊಡ್ಡಮ್ಮ. ಅವು ಆಗಲೇ ಗುರುಗ್ರಹದಷ್ಟು ದೊಡ್ಡವು. ಹೆರಿಗೆ ಕೋಣೆಯ ಬಾಗಿಲು ತೆಗೆದರೆ ಐದು ವರ್ಷದ ಮಗು ಎದುರಿಗೆ ಬಂದು ನಿಂತ ಹಾಗೆ.”

ನಡುವಿನ ಹಂತ ಯಾಕೆ ಕಾಣುವುದಿಲ್ಲ ಎಂದು ಕೇಳಿದೆ. ಅದಕ್ಕೆ ಅವಳು ರಂಗೋಲಿಯ ಉದಾಹರಣೆ ಕೊಟ್ಟಳು. ಒಂದು ಹಿಡಿ ರಂಗೋಲಿ ಹಿಟ್ಟಿನಲ್ಲಿ ಅಂಗಳ ತುಂಬ ಬಿಡಿಸಬಹುದು, ಬೀದಿಯ ಕೊನೆಯಿಂದಲೂ ಕಾಣುತ್ತದೆ. ಅದೇ ಹಿಟ್ಟನ್ನು ಉಂಡೆ ಕಟ್ಟಿಟ್ಟರೆ ನಿಂಬೆಹಣ್ಣಿನಷ್ಟಾಗುತ್ತದೆ, ಮನೆಯ ಬಾಗಿಲಿನಿಂದಲೂ ಕಾಣುವುದಿಲ್ಲ. ತಟ್ಟೆಯ ಧೂಳೂ ಹಾಗೆ. ಪುಡಿಯಾಗಿರುವಾಗ ಅದರ ಮೈ ವಿಸ್ತಾರ ದೊಡ್ಡದು, ಆದ್ದರಿಂದ ದೂರದರ್ಶಕಕ್ಕೆ ಸಿಗುತ್ತದೆ. ಕಲ್ಲುಗುಂಡಾಯಿತೋ, ಮಾಯ. ಮತ್ತೆ ಕಾಣಸಿಗುವುದು ದೊಡ್ಡ ಗ್ರಹವಾಗಿ ಬಿಸಿಯಿಂದ ಹೊಳೆಯುವಾಗಲೇ. ಜಲ್ಲಿಕಲ್ಲಿನಿಂದ ಬೆಟ್ಟದವರೆಗಿನ ಇಡೀ ಪ್ರಯಾಣ ಕತ್ತಲಲ್ಲಿ ನಡೆಯುತ್ತದೆ. ನನ್ನ ‘ಸೇರಿ’ ಎಂಬ ಪದ ಕುಳಿತಿರುವುದೂ ಅಲ್ಲಿಯೇ.

ಮರಳುವಾಗ ದೂರದಲ್ಲಿ ಅರ್ಮಾಸೋನೆಸ್ ಬೆಟ್ಟ ಕಂಡಿತು. ಅದರ ತಲೆಯ ಮೇಲೆ 39 ಮೀಟರ್ ಕನ್ನಡಿಯ ದೂರದರ್ಶಕ ಏಳುತ್ತಿದೆ. ಕಾರು ತಿರುವು ದಾಟುವವರೆಗೂ ಅದನ್ನೇ ನೋಡಿದೆ.

ಮೂರನೆಯ ದಿನ, ಭಾನುವಾರ – ಬಸ್ಸಿನಲ್ಲಿ

ಆಂತೊಫಗಾಸ್ತಾದಿಂದ ಕಲಾಮಾ, ಅಲ್ಲಿಂದ ಸಾನ್ ಪೆದ್ರೊ ದೆ ಅಟಕಾಮಾ. ಮುನ್ನೂರು ಕಿಲೋಮೀಟರಿಗೂ ಹೆಚ್ಚು. ಊರು ಬಿಟ್ಟು ಸ್ವಲ್ಪ ಹೊತ್ತಿಗೆ ಮಕರ ಸಂಕ್ರಾಂತಿ ವೃತ್ತ ದಾಟಿದೆವು. ಭೂಪಟದಲ್ಲಿ ಸಾವಿರ ಸಲ ಕೋಲು ಇಟ್ಟು ತೋರಿಸಿದ ಗೆರೆ ಅದು. ಕಿಟಕಿಯಿಂದ ನೋಡಿದರೆ ಆ ಕಡೆಗೂ ಈ ಕಡೆಗೂ ಅದೇ ಮಣ್ಣು.

ಚೀಲದಿಂದ ಹುರಿಹಿಟ್ಟಿನ ಡಬ್ಬಿ ತೆಗೆದೆ. ಬಸ್ಸಿನ ಕುಲುಕಾಟಕ್ಕೆ ಹಿಟ್ಟು ಸಣ್ಣ ಸಣ್ಣ ಉಂಡೆಗಳಾಗಿತ್ತು. ಮಗಳು ಅದನ್ನು ನೋಡಿ ನಕ್ಕಳು. “ಇದೇ ಮೊದಲ ಹಂತ, ದೊಡ್ಡಮ್ಮ. ನುಣುಪು ಪುಡಿ ತಾನಾಗಿ ಅಂಟಿಕೊಳ್ಳುತ್ತದೆ. ಇಲ್ಲಿಯವರೆಗೆ ಯಾರಿಗೂ ತಕರಾರಿಲ್ಲ. ಈಗ ನಿಮ್ಮ ಚೀಲದಲ್ಲಿರುವ ಕಡಲೆಕಾಯಿ ಬೀಜ ನೋಡಿ. ಎಷ್ಟು ಕುಲುಕಿದರೂ ಬಿಡಿಬಿಡಿ.” ತಟ್ಟೆಯಲ್ಲೂ ಉಂಡೆಗಳು ಒಂದೆರಡು ಮಿಲಿಮೀಟರ್ ಆದ ಮೇಲೆ ಅಂಟುವುದನ್ನು ಬಿಟ್ಟು ಪುಟಿಯತೊಡಗುತ್ತವೆ. ವೇಗ ಇನ್ನಷ್ಟು ಹೆಚ್ಚಿದರೆ, ಸೆಕೆಂಡಿಗೆ ಒಂದು ಮೀಟರ್ ಆದರೂ ಸಾಕು, ಕಲ್ಲುಪುಡಿಯ ಉಂಡೆಗಳು ಒಡೆದು ಮತ್ತೆ ಪುಡಿಯಾಗುತ್ತವೆ. ಒಂದು ಮೀಟರ್ ಎಂದರೆ ನಾವು ಆರಾಮವಾಗಿ ನಡೆಯುವ ವೇಗ. ಕ್ವಾರಿಯ ಹುಡುಗ ಹೇಳಿದ್ದು ಇದನ್ನೇ.

ಹೇಗೋ ಈ ಗಂಡಾಂತರ ದಾಟಿ ಒಂದು ಮೀಟರ್ ಗಾತ್ರದ ಬಂಡೆಯಾಯಿತು ಎಂದುಕೊಳ್ಳೋಣ. ಆಗ ಇನ್ನೊಂದು ಕಾದಿರುತ್ತದೆ. ತಟ್ಟೆಯ ಅನಿಲಕ್ಕೆ ತನ್ನದೇ ಒತ್ತಡದ ಆಸರೆ ಇರುವುದರಿಂದ ಅದು ನಕ್ಷತ್ರವನ್ನು ತುಸು ನಿಧಾನವಾಗಿ ಸುತ್ತುತ್ತದೆ. ಬಂಡೆಗೆ ಆ ಆಸರೆಯಿಲ್ಲ, ಅದು ಪೂರ್ತಿ ವೇಗದಲ್ಲಿ ಸುತ್ತಬೇಕು. ಹೀಗಾಗಿ ಬಂಡೆಗೆ ಯಾವಾಗಲೂ ಎದುರುಗಾಳಿ. ಗಾಳಿ ಅದರ ಶಕ್ತಿಯನ್ನು ಕಸಿಯುತ್ತದೆ, ಅದು ಸುರುಳಿ ಸುತ್ತುತ್ತ ನಕ್ಷತ್ರದೊಳಕ್ಕೆ ಜಾರುತ್ತದೆ. 1977ರಲ್ಲಿ ಸ್ಟುವರ್ಟ್ ವೈಡೆನ್‌ಶಿಲಿಂಗ್ ಎಂಬ ವಿಜ್ಞಾನಿ ಲೆಕ್ಕ ಹಾಕಿ ತೋರಿಸಿದರು: ಭೂಮಿ ಇರುವಷ್ಟು ದೂರದಲ್ಲಿ ಮೀಟರ್ ಗಾತ್ರದ ಬಂಡೆಗೆ ನೂರು ವರ್ಷದಷ್ಟೇ ಆಯುಷ್ಯ. ನಾಲ್ಕು ತಲೆಮಾರು! ಪುಡಿ ಧೂಳು ಅನಿಲದ ಜೊತೆಗೇ ತೇಲುತ್ತದೆ, ಬೆಟ್ಟದಂಥದ್ದು ಗಾಳಿಯನ್ನು ಲೆಕ್ಕಿಸುವುದಿಲ್ಲ, ನಡುವಿನದು ಸಾಯುತ್ತದೆ. ನಾನು ಡಬ್ಬಿಯ ಮುಚ್ಚಳ ಮುಚ್ಚಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕಾಲ ಕೆಳಗಿನ ಈ ಭೂಮಿ ಆ ನೂರು ವರ್ಷಗಳನ್ನು ಹೇಗೆ ದಾಟಿತು?

ಎದುರಿಗೆ ತಾಮ್ರದ ಗಣಿಯ ಲಾರಿಗಳು ಒಂದರ ಹಿಂದೆ ಒಂದು ಬರುತ್ತಿದ್ದವು. “ನೋಡಿ, ಮುಂದಿನ ಲಾರಿ ಗಾಳಿಯನ್ನು ತಡೆದರೆ ಹಿಂದಿನದಕ್ಕೆ ಹಗುರ” ಎಂದಳು ಮಗಳು. 2005ರಲ್ಲಿ ಆಂಡ್ರ್ಯೂ ಯೂಡಿನ್ ಮತ್ತು ಜೆರೆಮಿ ಗುಡ್‌ಮನ್ ಇಂಥದೇ ಒಂದು ಉಪಾಯವನ್ನು ಗಣಿತದಲ್ಲಿ ಕಂಡುಕೊಂಡರು. ಜಲ್ಲಿಕಲ್ಲುಗಳು ಒಂದೆಡೆ ತುಸು ದಟ್ಟವಾದರೆ ಸುತ್ತಲಿನ ಅನಿಲವನ್ನೂ ತಮ್ಮ ಜೊತೆ ಎಳೆಯುತ್ತವೆ. ಎದುರುಗಾಳಿ ಕಡಿಮೆಯಾಗುತ್ತದೆ, ಅವು ಒಳಕ್ಕೆ ಜಾರುವುದು ನಿಧಾನವಾಗುತ್ತದೆ, ಹಿಂದಿನಿಂದ ಬರುವವು ಬಂದು ಕೂಡಿಕೊಳ್ಳುತ್ತವೆ. ದಟ್ಟಣೆ ಹೆಚ್ಚಿ ಹೆಚ್ಚಿ ಕೊನೆಗೆ ಇಡೀ ಗುಂಪು ತನ್ನದೇ ಗುರುತ್ವಕ್ಕೆ ಕುಸಿದು ಒಮ್ಮೆಲೇ ನೂರಾರು ಕಿಲೋಮೀಟರಿನ ಪಿಂಡವಾಗುತ್ತದೆ. ಮೀಟರ್ ಗಾತ್ರದ ಹಂತವನ್ನು ಹತ್ತುವ ಗೋಜೇ ಇಲ್ಲ, ಅದನ್ನು ಜಿಗಿದು ದಾಟಿದಂತೆ. 2019ರ ಜನವರಿ 1ರಂದು ನ್ಯೂ ಹೊರೈಜನ್ಸ್ ನೌಕೆ ನೆಪ್ಚೂನಿನಾಚೆ ಕಂಡ ಅರೋಕೊತ್ ಎಂಬ ಪಿಂಡ ಇದಕ್ಕೆ ಸಾಕ್ಷಿ ಹೇಳುವಂತಿದೆ. ಅದರ ಎರಡು ಹಾಲೆಗಳು ಜಜ್ಜಿಹೋಗದೆ ಮೆಲ್ಲಗೆ ತಾಗಿ ಕೂತಿವೆ.

“ಮತ್ತೆ ಸಮಸ್ಯೆ ಮುಗಿಯಿತಲ್ಲ?”

“ಮೊದಲು ಧೂಳು ಒಂದೆಡೆ ದಟ್ಟವಾಗಬೇಕಲ್ಲ. ತಟ್ಟೆಯಲ್ಲಿ ನೂರು ಪಾಲು ಅನಿಲಕ್ಕೆ ಒಂದು ಪಾಲು ಧೂಳು. ಅಷ್ಟು ತೆಳುವಿದ್ದರೆ ಈ ಉಪಾಯ ಶುರುವಾಗುವುದೇ ಕಷ್ಟ. ಧೂಳನ್ನು ಅಲ್ಲಿ ತಂದು ಗುಡ್ಡೆ ಹಾಕಿದವರು ಯಾರು? ಅದಕ್ಕೆ ಅಲ್ಮಾ ರೇಡಿಯೊ ವೀಕ್ಷಣಾಲಯಕ್ಕೆ ಹೋಗಬೇಕು.”

ನಾಲ್ಕನೆಯ ದಿನ, ಸೋಮವಾರ – ಚಂದ್ರ ಕಣಿವೆ

ಸಾನ್ ಪೆದ್ರೊ 2400 ಮೀಟರ್ ಎತ್ತರದ, ಮಣ್ಣುಗೋಡೆಯ ಮನೆಗಳ ಸಣ್ಣ ಊರು. ಪೂರ್ವಕ್ಕೆ ಲಿಕಂಕಾಬುರ್ ಜ್ವಾಲಾಮುಖಿ, ಯಾರೋ ಹರಿವಾಣದಲ್ಲಿ ಅಕ್ಕಿ ಸುರಿದಂತೆ ಚೂಪಾಗಿ ನಿಂತಿದೆ. ಮಧ್ಯಾಹ್ನದ ತನಕ ಮಲಗಿದೆ.

ಸಂಜೆ ಚಂದ್ರ ಕಣಿವೆಗೆ ಹೋದೆವು. ಉಪ್ಪು, ಜೇಡಿ, ಮರಳು ಬೆರೆತ ದಿಬ್ಬಗಳ ಸಾಲು. ಬಿಸಿಲಿಳಿಯುವಾಗ ಉಪ್ಪಿನ ಪದರ ಚಟಪಟ ಎನ್ನುತ್ತದೆ. ದಿಬ್ಬದ ಬುಡದಲ್ಲಿ ಕೂತು ಗಾಳಿ ಮರಳನ್ನು ಒಯ್ಯುವುದನ್ನು ನೋಡಿದೆ. ಒಂದೊಂದು ಕಣವೂ ನೆಲ ಮುಟ್ಟಿ ಪುಟಿದು, ಮತ್ತೆ ಮುಟ್ಟಿ ಮತ್ತೆ ಪುಟಿದು ಮುಂದಕ್ಕೆ ಹೋಗುತ್ತಿತ್ತು. ಯಾವ ಕಣವೂ ಇನ್ನೊಂದಕ್ಕೆ ಅಂಟಲಿಲ್ಲ. ಎಷ್ಟು ಹೊತ್ತು ನೋಡಿದರೂ ಒಂದೂ ಅಂಟಲಿಲ್ಲ.

ಉಪ್ಪಿನ ಚೂರೊಂದನ್ನು ಅಂಗೈಯಲ್ಲಿಟ್ಟುಕೊಂಡಾಗ ಮಗಳು ಡೊನಾಲ್ಡ್ ಪೆಟಿಟ್ ಎಂಬ ಗಗನಯಾತ್ರಿಯ ವಿಷಯ ಹೇಳಿದಳು. 2003ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದಾಗ ಅವರು ಪ್ಲಾಸ್ಟಿಕ್ ಚೀಲಗಳಲ್ಲಿ ಉಪ್ಪು, ಸಕ್ಕರೆ, ಕಾಫಿ ಪುಡಿ ಹಾಕಿ ಅಲುಗಿಸಿ ನೋಡಿದರಂತೆ. ತೂಕವಿಲ್ಲದ ಅಲ್ಲಿ ಕಣಗಳು ಕೆಲವೇ ಸೆಕೆಂಡುಗಳಲ್ಲಿ ಗುಂಪುಗೂಡಿದವು. ಉಜ್ಜಿಕೊಂಡ ಕಣಗಳಲ್ಲಿ ಹುಟ್ಟುವ ವಿದ್ಯುದಂಶವೇ ಅಂಟು. ಆಮೇಲೆ ಜರ್ಮನಿಯ ಬ್ರೆಮೆನ್ ನಗರದ ಎತ್ತರದ ಗೋಪುರದಲ್ಲಿ ಗಾಜಿನ ಮಣಿಗಳನ್ನು ಬೀಳಿಸಿ, ಬೀಳುವ ಆ ಕೆಲವು ಸೆಕೆಂಡುಗಳ ತೂಕರಹಿತ ಹೊತ್ತಿನಲ್ಲಿ ಇದನ್ನೇ ಪರೀಕ್ಷಿಸಿದರು. ಮಣಿಗಳು ಸೆಂಟಿಮೀಟರ್ ಗಾತ್ರದ ಗುಂಪುಗಳಾದವು. ಒಂದು ಮೆಟ್ಟಿಲು ಹತ್ತಿದಂತಾಯಿತು. ಆದರೆ ತಟ್ಟೆಯ ನಿಜವಾದ ಧೂಳಿಗೆ, ಅಲ್ಲಿನ ಚಳಿಗೆ, ಅಲ್ಲಿನ ಹಿಮ ಮೆತ್ತಿದ ಕಣಕ್ಕೆ ಇದು ಎಷ್ಟರ ಮಟ್ಟಿಗೆ ಹೊಂದುತ್ತದೆ ಎಂಬುದರ ಮೇಲೆ ಚರ್ಚೆ ಮುಗಿದಿಲ್ಲ. ಹಿಮ ಚೆನ್ನಾಗಿ ಅಂಟುತ್ತದೆ ಎಂದು ಬಹುಕಾಲ ನಂಬಿದ್ದರು. ಕೊರೆಯುವ ಚಳಿಯಲ್ಲಿ ಅದೂ ಕಲ್ಲಿನಂತೆಯೇ ಎಂದು ಈಚಿನ ಪ್ರಯೋಗಗಳು ಹೇಳುತ್ತಿವೆ.

ಐದನೆಯ ದಿನ, ಮಂಗಳವಾರ – ಉಲ್ಕಾಶಿಲೆಗಳ ಮನೆ

ಈ ಪ್ರವಾಸದಲ್ಲಿ ನನಗೆ ಅತಿ ಪ್ರಿಯವಾದ ದಿನ ಇದು.

ಊರಿನ ಅಂಚಿನಲ್ಲಿ ಗುಮ್ಮಟದಾಕಾರದ ಡೇರೆಗಳೊಳಗೆ ಒಂದು ಉಲ್ಕಾಶಿಲೆ ಸಂಗ್ರಹಾಲಯವಿದೆ. ಅಟಕಾಮಾದಲ್ಲಿ ಮಳೆಯಿಲ್ಲ, ಆದ್ದರಿಂದ ಬಿದ್ದ ಕಲ್ಲು ತುಕ್ಕು ಹಿಡಿದು ಕರಗುವುದಿಲ್ಲ. ಲಕ್ಷಗಟ್ಟಲೆ ವರ್ಷ ಹಾಗೆಯೇ ಬಿದ್ದಿರುತ್ತದೆ. ಎಲ್ ಮೆದಾನೊ ಎಂಬ ಪ್ರದೇಶದಲ್ಲಿ ಆಯ್ದ ಕಲ್ಲುಗಳ ಪೈಕಿ ಕೆಲವು ಇಪ್ಪತ್ತು ಲಕ್ಷ ವರ್ಷಕ್ಕೂ ಹಿಂದೆ ಬಿದ್ದವು. ನಮ್ಮ ಸಕಲೇಶಪುರದಲ್ಲಿ ಬಿದ್ದಿದ್ದರೆ ಎಂದೋ ಕೆಂಪುಮಣ್ಣಾಗಿರುತ್ತಿತ್ತು.

ಕಾಂಡ್ರೈಟ್ ಎಂಬ ಜಾತಿಯ ಕಲ್ಲೊಂದನ್ನು ಕೊಯ್ದು ನುಣುಪು ಮಾಡಿ ಇಟ್ಟಿದ್ದರು. ಭೂತಗನ್ನಡಿ ಹಿಡಿದು ಬಗ್ಗಿದೆ. ಕಲ್ಲಿನ ತುಂಬ ರಾಗಿ ಕಾಳಿನಂಥ ಗುಂಡುಗಳು! ಒತ್ತೊತ್ತಾಗಿ, ಯಾರೋ ರಾಗಿಯನ್ನು ಬೂದಿಯಲ್ಲಿ ಕಲಸಿ ಒಣಗಿಸಿದ ಹಾಗೆ. ಇವುಗಳ ಹೆಸರು ಕಾಂಡ್ರೂಲ್. ಒಂದೊಂದೂ ಒಮ್ಮೆ 1500 ಡಿಗ್ರಿಗೂ ಹೆಚ್ಚಿನ ಬಿಸಿಯಲ್ಲಿ ಕರಗಿದ ಕಲ್ಲಿನ ಹನಿ. ಕರಗಿ, ಕೆಲವೇ ಗಂಟೆಗಳಲ್ಲೋ ದಿನಗಳಲ್ಲೋ ಆರಿದವು. 1877ರಲ್ಲಿ ಇಂಗ್ಲೆಂಡಿನ ಹೆನ್ರಿ ಸಾರ್ಬಿ ಸೂಕ್ಷ್ಮದರ್ಶಕದಲ್ಲಿ ಇವನ್ನು ನೋಡಿ ಬೆಂಕಿಮಳೆಯ ಹನಿಗಳಿಗೆ ಹೋಲಿಸಿದ್ದರು. ಆ ಬೆಂಕಿ ಎಲ್ಲಿಂದ ಬಂತು? ಅನಿಲದಲ್ಲಿ ಹಾದುಹೋದ ಆಘಾತದ ಅಲೆಗಳೇ, ಧೂಳಿನ ನಡುವೆ ಹೊಡೆದ ಮಿಂಚೇ, ಕರಗಿದ ಪುಟ್ಟ ಪಿಂಡಗಳು ಒಂದಕ್ಕೊಂದು ಬಡಿದು ಎರಚಿದ ಹನಿಗಳೇ? ಸುಮಾರು ನೂರೈವತ್ತು ವರ್ಷವಾದರೂ ಪಂಡಿತರು ಒಂದು ಮಾತಿಗೆ ಬಂದಿಲ್ಲ. 1866ರಲ್ಲಿ ನಮ್ಮ ಉಡುಪಿಯ ಕಡೆ ಬಿದ್ದ ಕಲ್ಲೂ ಕಾಂಡ್ರೈಟ್ ಕುಲದ್ದೇ. ಆ ಬೆಂಕಿಮಳೆಯ ಹನಿ ಅದರಲ್ಲೂ ಇದೆ.

ಪಕ್ಕದಲ್ಲೇ ಇಮಿಲಾಕ್ ಎಂಬ ಉಲ್ಕೆಯ ಚಪ್ಪಡಿ. 1822ರಲ್ಲಿ ಇದೇ ಮರುಭೂಮಿಯಲ್ಲಿ ಸಿಕ್ಕಿದ್ದು. ಕಬ್ಬಿಣದ ಜಾಲರಿಯೊಳಗೆ ಜೇನಿನ ಬಣ್ಣದ ಹರಳುಗಳು, ಹಿಂದಿನಿಂದ ದೀಪ ಬಿಟ್ಟಾಗ ದೇವರ ಕೋಣೆಯ ಬಣ್ಣದ ಗಾಜಿನಂತೆ ಬೆಳಗಿತು. ಕಬ್ಬಿಣ ಮತ್ತು ಕಲ್ಲು ಹೀಗೆ ಬೇರ್ಪಡಬೇಕಾದರೆ ಇಡೀ ಪಿಂಡವೊಂದು ಒಳಗಿನಿಂದ ಕರಗಿರಬೇಕು.

ನನ್ನನ್ನು ಅಲುಗಾಡಿಸಿದ್ದು ಇವುಗಳ ವಯಸ್ಸು. ಸೌರವ್ಯೂಹದ ಅತಿ ಹಳೆಯ ಗಟ್ಟಿ ಪದಾರ್ಥ ಎಂದರೆ ಕೆಲವು ಉಲ್ಕೆಗಳಲ್ಲಿರುವ ಬಿಳಿಯ ಚೂರುಗಳು, 456.7 ಕೋಟಿ ವರ್ಷದವು. ಕಬ್ಬಿಣದ ಉಲ್ಕೆಗಳ ತಾಯಿಪಿಂಡಗಳಲ್ಲಿ ಅನೇಕವು ಅದರ ನಂತರದ ಹತ್ತು ಲಕ್ಷ ವರ್ಷಗಳ ಒಳಗೆ ಆಗಿಹೋಗಿದ್ದವು. ಕಾಂಡ್ರೂಲ್‌ಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಅವುಗಳಿಗಿಂತ ತಡವಾಗಿ, ಹತ್ತರಿಂದ ಮೂವತ್ತು ಲಕ್ಷ ವರ್ಷ ಕಳೆದ ಮೇಲೆ. ಇವೇ ಗ್ರಹಗಳ ಇಟ್ಟಿಗೆ ಎಂದು ಓದಿದ್ದೆವು. ಈಗ ನೋಡಿದರೆ ದೋಸೆ ಬೆಂದ ಮೇಲೆ ಹಿಟ್ಟು ರುಬ್ಬಿದ ಹಾಗಿದೆ ಕಥೆ.

“ಹಾಗಾದರೆ ಈ ಗುಂಡುಗಳು ಇಟ್ಟಿಗೆಗಳಲ್ಲ, ಕಟ್ಟುವಾಗ ಸಿಡಿದ ಚೂರುಗಳು ಇರಬಹುದೇ?” ಎಂದು ಕೇಳಿದೆ.

ಮಗಳು ನನ್ನನ್ನೇ ನೋಡಿದಳು. “ಎರಡು ಪಂಗಡಗಳು ಇದರ ಮೇಲೆಯೇ ಜಗಳವಾಡುತ್ತಿವೆ ದೊಡ್ಡಮ್ಮ.”

ಮುಟ್ಟಲು ಬಿಡುವ ಒಂದು ಕಬ್ಬಿಣದ ಉಲ್ಕೆಯ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು, ನಾನು ನಿರೀಕ್ಷಿಸಿದ್ದಕ್ಕಿಂತ ಭಾರವಾಗಿ ಕಂಡಿತು.

ಆರನೆಯ ದಿನ, ಬುಧವಾರ

ಎಲ್ ತಾತಿಯೊ ಬಿಸಿನೀರ ಬುಗ್ಗೆಗಳಿಗೆ ಹೋಗಲು ಬೆಳಗಿನ ಜಾವ ನಾಲ್ಕಕ್ಕೆ ಹೊರಟೆವು. 4300 ಮೀಟರ್ ಎತ್ತರ. ತಲೆ ಸಿಡಿಯತೊಡಗಿತು. ಉಗಿಯ ಕಂಬಗಳನ್ನು ಸೂರ್ಯ ಮುಟ್ಟುವುದನ್ನು ನೋಡಿ, ಬೇಗ ಇಳಿದು ಬಂದು ಮಲಗಿದೆ.

ಏಳನೆಯ ದಿನ, ಗುರುವಾರ – ರಾತ್ರಿ

ಅಮಾವಾಸ್ಯೆಗೆ ಎರಡು ದಿನ. ಊರಿನಿಂದ ಸ್ವಲ್ಪ ದೂರದ ಬಯಲಿನಲ್ಲಿ ಕಂಬಳಿ ಹಾಸಿ ಕೂತೆವು. ಆಕಾಶಗಂಗೆ ನೆತ್ತಿಯ ಕಡೆಗೆ ಏರುತ್ತಿತ್ತು. ಮೇ ತಿಂಗಳಲ್ಲಿ ಊರಿನಲ್ಲಿ ದಕ್ಷಿಣ ದಿಗಂತಕ್ಕೆ ಅಂಟಿಕೊಂಡಂತೆ ಕಾಣುವ ಎರಡು ಕಿನ್ನರ ನಕ್ಷತ್ರಗಳು ಇಲ್ಲಿ ಮೇಲೆ ಉರಿಯುತ್ತಿದ್ದವು. ಆಂಡಿಸ್ ಬೆಟ್ಟಗಳ ಜನಕ್ಕೆ ಅವು ಒಂದು ಲಾಮಾ ಪ್ರಾಣಿಯ ಕಣ್ಣುಗಳು. ಲಾಮಾದ ಮೈ ಯಾವುದೆಂದರೆ, ನಕ್ಷತ್ರಗಳದ್ದಲ್ಲ, ಆಕಾಶಗಂಗೆಯ ನಡುವಿನ ಕಪ್ಪು ಪಟ್ಟೆಯದು. ಯಾಕಾನಾ ಎಂದು ಅದರ ಹೆಸರು. ನಾವು ಬೆಳಕಿನ ಚುಕ್ಕಿ ಜೋಡಿಸಿ ಚಿತ್ರ ಬರೆದೆವು, ಇವರು ಕತ್ತಲೆಯಲ್ಲೇ ಚಿತ್ರ ಕಂಡರು. ಆ ಕಪ್ಪು ಪಟ್ಟೆ ಧೂಳಿನ ಮೋಡ. ನಕ್ಷತ್ರಗಳೂ ಅವುಗಳ ತಟ್ಟೆಗಳೂ ಹುಟ್ಟುವುದು ಅಂಥ ಮೋಡಗಳಲ್ಲಿ.

ನೈಋತ್ಯದಲ್ಲಿ ಅಗಸ್ತ್ಯ ನಕ್ಷತ್ರ ಇಳಿಯುತ್ತಿತ್ತು. ಮಗಳು ಅದರ ಪಕ್ಕಕ್ಕೆ, ಸ್ವಲ್ಪ ಕೆಳಗೆ, ಒಂದು ಮಸುಕು ಚುಕ್ಕಿ ತೋರಿಸಿದಳು. ಬೀಟಾ ಪಿಕ್ಟೋರಿಸ್. 63 ಜ್ಯೋತಿರ್ವರ್ಷ ದೂರ. 1984ರಲ್ಲಿ ಬ್ರಾಡ್‌ಫರ್ಡ್ ಸ್ಮಿತ್ ಮತ್ತು ರಿಚರ್ಡ್ ಟೆರಿಲ್ ಇದೇ ಚಿಲಿಯ ಲಾಸ್ ಕಂಪಾನಾಸ್ ಬೆಟ್ಟದಿಂದ ಅದರ ಸುತ್ತಲಿನ ಧೂಳಿನ ತಟ್ಟೆಯ ಚಿತ್ರ ತೆಗೆದರು. ಬೇರೊಂದು ನಕ್ಷತ್ರದ ಸುತ್ತ ತಟ್ಟೆ ಚಿತ್ರದಲ್ಲಿ ಕಂಡದ್ದು ಅದೇ ಮೊದಲು. ಅಲ್ಲಿ ಎರಡು ಗ್ರಹಗಳಿರುವುದು ಆಮೇಲೆ ತಿಳಿಯಿತು. ಚಳಿಗಾಲದ ರಾತ್ರಿಗಳಲ್ಲಿ ನಮ್ಮೂರಿನ ದಕ್ಷಿಣ ಆಕಾಶದಲ್ಲೂ ಈ ಚುಕ್ಕಿ ಮೇಲೆ ಬರುತ್ತದೆ. ಅಗಸ್ತ್ಯನನ್ನು ಮಕ್ಕಳಿಗೆ ಎಷ್ಟು ಸಲ ತೋರಿಸಿದ್ದೇನೆ, ಪಕ್ಕದ್ದನ್ನು ಒಮ್ಮೆಯೂ ತೋರಿಸಲಿಲ್ಲ. ಅದಕ್ಕೆ ಈಗಲೂ ಸಂಕಟವಾಗುತ್ತದೆ.

ಎಂಟನೆಯ ದಿನ, ಶುಕ್ರವಾರ – ಉಗ್ರಾಣದ ಲೆಕ್ಕ

ಗಾಳಿ ಜೋರು, ಎಲ್ಲಿಗೂ ಹೋಗಲಿಲ್ಲ. ತಂಗುಮನೆಯ ಅಂಗಳದಲ್ಲಿ ಮಗಳು ಲ್ಯಾಪ್‌ಟಾಪ್ ತೆರೆದು ತನ್ನ ಕೆಲಸ ತೋರಿಸಿದಳು. ಎರಡು ವರ್ಷದಿಂದ ಅವಳನ್ನು ಕಾಡುತ್ತಿರುವುದು ಒಂದು ಕೊರತೆ. ಹತ್ತು ಲಕ್ಷದಿಂದ ಮೂವತ್ತು ಲಕ್ಷ ವರ್ಷ ವಯಸ್ಸಿನ ತಟ್ಟೆಗಳಲ್ಲಿ ಕಾಣುವ ಧೂಳಿನ ತೂಕ ಹಾಕಿದರೆ, ಇತರ ನಕ್ಷತ್ರಗಳ ಸುತ್ತ ನಮಗೆ ಗೊತ್ತಿರುವ ಗ್ರಹಗಳನ್ನು ಮಾಡಲು ಬಹಳ ಕಡೆ ಸಾಮಾನು ಸಾಲುವುದಿಲ್ಲ. “ಮದುವೆ ಮನೆಯಲ್ಲಿ ಐನೂರು ಜನ ಉಂಡೆದ್ದಿದ್ದಾರೆ, ಉಗ್ರಾಣದ ಲೆಕ್ಕದಲ್ಲಿ ನೂರು ಜನರ ಅಕ್ಕಿ ಮಾತ್ರ ಇದೆ” ಎಂದೆ. ಅವಳಿಗೆ ಆ ಮಾತು ಇಷ್ಟವಾಯಿತು. ಅಡುಗೆ ನಾವು ನೋಡುವ ಮೊದಲೇ ಆಗಿಹೋಗಿರಬಹುದು, ಅಂದರೆ ಗ್ರಹಗಳು ನಾವು ಎಣಿಸಿದ್ದಕ್ಕಿಂತ ಬೇಗ ಹುಟ್ಟುತ್ತವೆ. ಇಲ್ಲವೇ ಹೊರಗಿನ ಮೋಡದಿಂದ ಅಕ್ಕಿ ಬರುತ್ತಲೇ ಇರಬಹುದು. ಅದೂ ಅಲ್ಲದಿದ್ದರೆ ನಮ್ಮ ತಕ್ಕಡಿಯೇ ಸರಿಯಿಲ್ಲ, ದಟ್ಟ ಧೂಳು ತನ್ನ ಹಿಂದಿನ ಧೂಳನ್ನು ಮರೆಮಾಡುತ್ತಿದೆ. ಅವಳ ಮನಸ್ಸು ಮೊದಲನೆಯದರ ಕಡೆಗಿದೆ. ನನಗೂ ಹಾಗೇ ಅನಿಸುತ್ತದೆ, ನಿನ್ನೆ ಮೊನ್ನೆ ಆ ಕಬ್ಬಿಣದ ಉಲ್ಕೆ ಮುಟ್ಟಿದ ಮೇಲೆ.

ಗುರುಗ್ರಹದ ಮಾತೂ ಬಂತು. ತಟ್ಟೆಯ ಅನಿಲ ಕೆಲವು ದಶಲಕ್ಷ ವರ್ಷಗಳಲ್ಲಿ ಕರಗಿಹೋಗುತ್ತದೆ. ಅದರೊಳಗೆ ಭೂಮಿಯ ಹತ್ತು ಪಟ್ಟು ತೂಕದ ತಿರುಳು ಸಿದ್ಧವಾಗಿದ್ದರೆ ಮಾತ್ರ ಅದು ಅನಿಲವನ್ನು ಎಳೆದುಕೊಂಡು ಗುರುವಾಗಬಲ್ಲದು. ಗುಡ್ಡಗಳು ಒಂದಕ್ಕೊಂದು ಬಡಿದು ಸೇರುವ ಹಳೆಯ ಲೆಕ್ಕದಲ್ಲಿ ಅಷ್ಟು ಸಮಯ ಸಾಲುತ್ತಿರಲಿಲ್ಲ. ಸುಮಾರು ಹದಿನೈದು ವರ್ಷದ ಹಿಂದೆ ಹೊಸ ಯೋಚನೆ ಬಂತು: ಎದುರುಗಾಳಿಗೆ ಸಿಕ್ಕಿ ಒಳಗೆ ಜಾರುವ ಜಲ್ಲಿಕಲ್ಲುಗಳನ್ನೇ ಒಂದು ದೊಡ್ಡ ಪಿಂಡ ದಾರಿಯಲ್ಲಿ ಹಿಡಿದು ನುಂಗುತ್ತ ಬೆಳೆಯಬಹುದು. ಭಾನುವಾರ ಬಸ್ಸಿನಲ್ಲಿ ಬಂಡೆಯನ್ನು ಕೊಂದ ಗಾಳಿಯೇ ಇಲ್ಲಿ ಉಣಿಸುತ್ತದೆ. ಇದು ನನಗೆ ತುಂಬ ಹಿಡಿಸಿತು. ಆದರೂ ಜೂನೋ ನೌಕೆ 2016ರಿಂದ ಗುರುವನ್ನು ಸುತ್ತುತ್ತ ಅಳೆದಾಗ ಗಟ್ಟಿ ತಿರುಳಿನ ಬದಲು ಅರ್ಧ ಕದಡಿದ, ಅಂಚಿಲ್ಲದ ತಿರುಳು ಕಂಡಿದೆ. ಅದು ಹಾಗೇ ಹುಟ್ಟಿತೋ, ಆಮೇಲೆ ಕದಡಿತೋ?

ಇನ್ನು ಗ್ರಹಗಳು ಹುಟ್ಟಿದ ಜಾಗದಲ್ಲಿ ನಿಲ್ಲುವುದೂ ಇಲ್ಲ. 1995ರಲ್ಲಿ ಸಿಕ್ಕ ಪೆಗಾಸಿ 51ರ ಗ್ರಹ ಗುರುವಿನ ಜಾತಿಯದು, ಆದರೆ ನಾಲ್ಕೇ ದಿನಕ್ಕೊಮ್ಮೆ ತನ್ನ ನಕ್ಷತ್ರವನ್ನು ಸುತ್ತುತ್ತದೆ. ಅಷ್ಟು ಹತ್ತಿರ ಅದು ಹೇಗೆ ಬಂತೆಂಬುದಕ್ಕೆ ಎರಡು ಮೂರು ಕಥೆಗಳಿವೆ.

ಒಂಬತ್ತನೆಯ ದಿನ, ಶನಿವಾರ – ಅಲ್ಮಾ

ಸ್ಪ್ಯಾನಿಷ್‌ನಲ್ಲಿ ‘ಅಲ್ಮಾ’ ಎಂದರೆ ಆತ್ಮ. ಬೆಳಿಗ್ಗೆ ಬಸ್ಸು ನಮ್ಮನ್ನು 2900 ಮೀಟರ್ ಎತ್ತರದ ಕಾರ್ಯಕೇಂದ್ರಕ್ಕೆ ಒಯ್ದಿತು. ನಿಜವಾದ 66 ಆಂಟೆನಾಗಳು ಇನ್ನೂ ಮೇಲೆ, 5000 ಮೀಟರಿನ ಚಹ್ನಾಂತೋರ್ ಬಯಲಿನಲ್ಲಿವೆ. ಅಲ್ಲಿಗೆ ಪ್ರವಾಸಿಗಳನ್ನು ಬಿಡುವುದಿಲ್ಲ. ಆದರೆ ದುರಸ್ತಿಗೆ ಇಳಿಸಿದ ಒಂದು ಆಂಟೆನಾ ಅಂಗಳದಲ್ಲಿತ್ತು. ಹನ್ನೆರಡು ಮೀಟರ್ ಅಗಲದ ಬಿಳಿ ಬಟ್ಟಲು, ತೂಕ ನೂರು ಟನ್ನಿಗೂ ಮೇಲೆ. ಇದನ್ನು ಹೊತ್ತು ಏರುವ ಇಪ್ಪತ್ತೆಂಟು ಚಕ್ರದ ಹಳದಿ ವಾಹನಗಳಿಗೆ ಒಟ್ಟೊ, ಲೋರೆ ಎಂದು ಹೆಸರಿಟ್ಟಿದ್ದಾರೆ. ಹಿಂದೊಮ್ಮೆ ಮಕ್ಕಳನ್ನು ಗೌರಿಬಿದನೂರಿನ ರೇಡಿಯೊ ವೀಕ್ಷಣಾಲಯಕ್ಕೆ ಕರೆದೊಯ್ದದ್ದು ನೆನಪಾಯಿತು. ಅಲ್ಲಿಯೂ ಹೀಗೆಯೇ, ಬೇರೆಬೇರೆ ನಿಂತ ಆಂಟೆನಾಗಳ ಸಂಕೇತ ಕೂಡಿಸಿ ಒಂದೇ ದೊಡ್ಡ ಕಣ್ಣು ಮಾಡುತ್ತಾರೆ. ಇಲ್ಲಿ ಆ ಕಣ್ಣು ಹದಿನಾರು ಕಿಲೋಮೀಟರ್ ಅಗಲದವರೆಗೂ ಹರಡಬಲ್ಲದು.

ನಿಯಂತ್ರಣ ಕೊಠಡಿಯ ಹೊರಗಿನ ಗೋಡೆಯ ಮೇಲೆ 2014ರ ಆ ಪ್ರಸಿದ್ಧ ಚಿತ್ರವಿತ್ತು: ವೃಷಭ ರಾಶಿಯ ಎಚ್‌ಎಲ್ ಟಾರಿ ನಕ್ಷತ್ರ, 450 ಜ್ಯೋತಿರ್ವರ್ಷ ದೂರ, ವಯಸ್ಸು ಹತ್ತು ಲಕ್ಷ ವರ್ಷದೊಳಗೆ. ಅದರ ಸುತ್ತ ಕಿತ್ತಳೆ ಬಣ್ಣದ ಉಂಗುರಗಳು, ನಡುನಡುವೆ ಕಪ್ಪು ಗೆರೆಗಳು. ಕುಂಬಾರನ ತಿಗರಿಯ ಮೇಲೆ ಬೆರಳಿಟ್ಟು ಎಳೆದಂತೆ. ಆ ಚಿತ್ರ ಬಂದ ದಿನ ಯಾರೂ ಇಷ್ಟು ಎಳೆಯ ತಟ್ಟೆಯಲ್ಲಿ ಇಷ್ಟು ಅಚ್ಚುಕಟ್ಟಾದ ಗೆರೆಗಳನ್ನು ನಿರೀಕ್ಷಿಸಿರಲಿಲ್ಲ. 2018ರಲ್ಲಿ ಇನ್ನೂ ಇಪ್ಪತ್ತು ತಟ್ಟೆಗಳ ಸಮೀಪಚಿತ್ರ ಪ್ರಕಟವಾದವು. ಬಹುತೇಕ ಎಲ್ಲದರಲ್ಲೂ ಉಂಗುರಗಳಿದ್ದವು.

ಭಾನುವಾರದ ಪ್ರಶ್ನೆಗೆ ಮಗಳು ಇಲ್ಲಿ ಮರಳಿದಳು. ಉಂಗುರವೆಂದರೆ ಅನಿಲದ ಒತ್ತಡ ತುಸು ಉಬ್ಬಿದ ಜಾಗ. ಜಾರುವ ಧೂಳು ಅಲ್ಲಿ ಬಂದು ತಂಗುತ್ತದೆ, ಗುಡ್ಡೆಯಾಗುತ್ತದೆ. ಗ್ರಹದ ಬೀಜ ಕಟ್ಟಲು ಅದೇ ಪ್ರಶಸ್ತ ತಾಣ. ಆದರೆ ಉಂಗುರವನ್ನು ಮಾಡಿದವರು ಯಾರು? ಪಕ್ಕದಲ್ಲಿ ಸುತ್ತುವ ಒಂದು ಗ್ರಹ ಅನಿಲವನ್ನು ಸರಿಸಿ ಮಾಡಿತು ಎಂಬುದು ಬಹುಮಂದಿಯ ಉತ್ತರ. ಹಾಗಾದರೆ ಗ್ರಹಕ್ಕೆ ಉಂಗುರ ಬೇಕು, ಉಂಗುರಕ್ಕೆ ಗ್ರಹ ಬೇಕು. ಬೀಜ ಮೊದಲೋ ವೃಕ್ಷ ಮೊದಲೋ! ಕಾಂತಕ್ಷೇತ್ರಗಳು ಅಥವಾ ಅನಿಲ ಹಿಮವಾಗುವ ಗಡಿಗಳು ಗ್ರಹವಿಲ್ಲದೆಯೂ ಉಂಗುರ ಮಾಡಬಹುದು ಎನ್ನುವವರಿದ್ದಾರೆ. ಉಂಗುರಗಳ ನಡುವೆ ಗ್ರಹ ಖಚಿತವಾಗಿ ಕಂಡ ತಟ್ಟೆಗಳು ಬೆರಳೆಣಿಕೆಯಷ್ಟು.

ಕೊಠಡಿಯೊಳಗೆ ಇಬ್ಬರು ಪರದೆಗಳ ಮುಂದೆ ಕೂತು ಮೆಲುದನಿಯಲ್ಲಿ ಮಾತಾಡುತ್ತಿದ್ದರು. ಮೇಲಿನ ಬಯಲಿನ ಆಂಟೆನಾಗಳು ಒಟ್ಟಿಗೆ ಒಂದು ಕಡೆಗೆ ತಿರುಗುವುದು ಪರದೆಯಲ್ಲಿ ಕಂಡಿತು. ಹಗಲೆಂಬುದು ಅವುಗಳಿಗೆ ಅಡ್ಡಿಯಲ್ಲ.

ಮರಳುವ ಬಸ್ಸಿನಲ್ಲಿ ನನ್ನ ಟಿಪ್ಪಣಿ ಪುಸ್ತಕ ತೆರೆದು ಕರಿಹಲಗೆಯ ವಾಕ್ಯವನ್ನು ಮತ್ತೆ ಬರೆಯತೊಡಗಿದೆ. ‘ನುಣುಪು ಧೂಳು ಅಂಟಿ ಮಿಲಿಮೀಟರ್ ಗಾತ್ರದ ಉಂಡೆಗಳಾಗುತ್ತವೆ. ಅಲ್ಲಿಂದ ಮುಂದೆ ಅವು ಪುಟಿಯುತ್ತವೆ, ಒಡೆಯುತ್ತವೆ, ನಕ್ಷತ್ರದ ಕಡೆಗೆ ಜಾರುತ್ತವೆ. ಆದ್ದರಿಂದ ಅವು ಉಂಗುರಗಳಲ್ಲಿ ದಟ್ಟವಾಗಿ ಕುಸಿದು ಪಿಂಡಗಳಾಗುತ್ತವೆ.’ ಮಗಳು ಪಕ್ಕದಿಂದ ಬಗ್ಗಿ ಓದಿದಳು. ಪೆನ್ನು ತೆಗೆದುಕೊಂಡು ‘ಆದ್ದರಿಂದ’ದಿಂದ ಕೊನೆಯವರೆಗೂ ಒಂದು ಗೆರೆ ಎಳೆದಳು.

“ಇಲ್ಲಿ ಸ್ವಲ್ಪ ಜಾಗ ಬಿಡಿ ದೊಡ್ಡಮ್ಮ.”

ಎಷ್ಟು ಬಿಡಲಿ ಎಂದೆ. “ನಾಲ್ಕು ಸಾಲು” ಎಂದಳು, ಯೋಚಿಸಿ. ನಾಲ್ಕು ಸಾಲು ಖಾಲಿ ಬಿಟ್ಟು ಅದರ ಕೆಳಗೆ ಮುಂದಿನ ವಾಕ್ಯ ಬರೆದೆ: ‘ಗುಡ್ಡದ ಗಾತ್ರಕ್ಕೆ ಬಂದ ಮೇಲೆ ಗುರುತ್ವ ಕೆಲಸಕ್ಕೆ ಇಳಿಯುತ್ತದೆ.’